ಹೆದ್ದಾರಿ ಪಕ್ಕದ ಜಾಗದಲ್ಲಿ ವಿದೇಶಿ ಫಾಸ್ಟ್‌ಫುಡ್ ಚೈನ್ ಹಾಕೋದಾ, ನಮ್ಮದೇ ಹೋಟೆಲ್ಲಾ? ಜೊತೆಗೆ ಅಮೆರಿಕದ ಫ್ರೈಸ್ ಬಗ್ಗೆ ಒಂದು ಪ್ರಶ್ನೆ

ಕಡಲಬದಿ (ಕುಮಟಾ):

ಕುಮಟಾ–ಅಂಕೋಲಾ ನಡುವೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿ ಮನೆಯವರ 8 ಗುಂಟೆ ಜಾಗ ಇದೆ. ಹೋಟೆಲ್ ಮಾಡೋದಕ್ಕೆ ಎಲ್ಲರ ಒಪ್ಪಿಗೆ ಇದೆ, ಎಂಥ ಹೋಟೆಲ್ ಅನ್ನೋದರಲ್ಲಿ ಇಲ್ಲ. ಮೆಕ್‌ಡೊನಾಲ್ಡ್ಸ್, ಕೆಎಫ್‌ಸಿ, ಡಾಮಿನೋಸ್ ಇದರಲ್ಲಿ ಒಂದರ ಫ್ರಾಂಚೈಸಿ ತಂದರೆ ಗೋವಾ–ಮಂಗಳೂರು ಓಡಾಡುವ ಕಾರೆಲ್ಲ ನಿಲ್ಲುತ್ತವೆ ಅಂತ ಹುಡುಗರು. ಮೀನೂಟ, ಬಾಳೆಹಣ್ಣಿನ ಬನ್ಸ್, ಚಹಾ ಇದ್ದರೆ ಸಾಕು ಅಂತ ಹಿರಿಯರು.

ವಿದೇಶದಿಂದ ಬಂದ ಈ ಅಂಗಡಿಗಳು ಜನರನ್ನು ಎಳೆಯೋದು ಯಾವುದರಿಂದ? ಎಲ್ಲಿ ಸೋಲುತ್ತವೆ? ನಮ್ಮಂಥ ಕಡೆ ನಡೆಸಲಿಕ್ಕೆ ಏನೇನು ಬೇಕು? ಈ ಕೆಲಸ ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಇನ್ನೊಂದು: ಅಕ್ಕನ ಮಗಳು ಓದಲಿಕ್ಕೆ ಅಮೆರಿಕಕ್ಕೆ ಹೊರಟಿದ್ದಾಳೆ. ಮೊಟ್ಟೆಯನ್ನೂ ಮುಟ್ಟದವಳು. ಫ್ರೈಸ್, ಪಿಜ್ಜಾ ತಿಂದು ದಿನ ದೂಡಬಹುದು ಅಂದುಕೊಂಡಿದ್ದಾಳೆ. ಸರಿಯಾ?

ಗೋದಾಮು (ಕಾರವಾರ):

ಮೊದಲು ಫ್ರಾಂಚೈಸಿ ಮಾತು ಮುಗಿಸೋಣ. ನೀವು ಹೇಳಿದ ಮೂರರಲ್ಲಿ ಒಂದೂ ಜಾಗದ ಮಾಲೀಕರಿಗೆ ಫ್ರಾಂಚೈಸಿ ಕೊಡುವ ಪದ್ಧತಿ ಇಲ್ಲಿ ಇಟ್ಟುಕೊಂಡಿಲ್ಲ. ದಕ್ಷಿಣ, ಪಶ್ಚಿಮ ಭಾರತದ ಮೆಕ್‌ಡೊನಾಲ್ಡ್ಸ್ ವೆಸ್ಟ್‌ಲೈಫ್ ಕಂಪನಿಯ ಕೈಲಿದೆ. ಡಾಮಿನೋಸ್ ದೇಶಕ್ಕೆಲ್ಲ ಜುಬಿಲಂಟ್ ಫುಡ್‌ವರ್ಕ್ಸ್‌ನದು. ಕೆಎಫ್‌ಸಿಯನ್ನು ನಡೆಸುವವರೂ ಷೇರುಪೇಟೆಯ ದೊಡ್ಡ ಕಂಪನಿಗಳೇ. ಅಂಗಡಿ ಅವರೇ ಹಾಕುತ್ತಾರೆ, ಅವರೇ ನಡೆಸುತ್ತಾರೆ. ನಿಮ್ಮ ಕೈಲಿರುವುದು ಜಾಗವನ್ನು ಬಾಡಿಗೆಗೆ ಕೊಡೋದು ಮಾತ್ರ. ಹಾಗೆ ಕೊಡೋದಾದರೆ ಕರಾರಿನಲ್ಲಿ ಮುಖ್ಯವಾಗಿ ಎರಡು ನೋಡಿ. ಬಾಡಿಗೆ ನಿಗದಿತ ಮೊತ್ತವೋ ಮಾರಾಟದ ಪಾಲೋ, ಯಾವುದು ಹೆಚ್ಚೋ ಅದು ಅಂತ ಬರೆಸಿಕೊಳ್ಳಿ. ಲಾಕ್-ಇನ್ ಅವಧಿ, ಅಂದರೆ ಕರಾರು ಮುರಿಯುವ ಹಾಗಿಲ್ಲದ ಅವಧಿ, ಅವರಿಗೆ ಕೆಲವೇ ವರ್ಷ, ನಿಮಗೆ ಪೂರ್ತಿ ಕರಾರಿನಷ್ಟು ಅಂತ ಇದ್ದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಭೂಪರಿವರ್ತನೆ ಆಗಿರಬೇಕು, ಹೆದ್ದಾರಿಯಿಂದ ಒಳಗೆ ಬರುವ ದಾರಿಗೆ ಹೆದ್ದಾರಿಯವರ ಅನುಮತಿ ಬೇಕು, ಹೊಳೆ ಅಥವಾ ಸಮುದ್ರ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಕ್ಷೆ ನೋಡಬೇಕು. ಇವು ನಿಮ್ಮದೇ ಹೋಟೆಲ್ ಕಟ್ಟಿದರೂ ತಪ್ಪೋದಿಲ್ಲ.

ಹುಡುಗರಿಗೆ ಒಂದು ಮಾತು ಹೇಳಿಬಿಡಿ. ಇಂಟರ್ನೆಟ್ಟಿನಲ್ಲಿ ಈ ಬ್ರ್ಯಾಂಡುಗಳ ಹೆಸರಲ್ಲೇ ನಕಲಿ ಜಾಲತಾಣ ಮಾಡಿ "ನಿಮ್ಮ ಅರ್ಜಿ ಮಂಜೂರಾಗಿದೆ, ನೋಂದಣಿ ಶುಲ್ಕ ಕಟ್ಟಿ, ಎನ್‌ಒಸಿಗೆ ಕಟ್ಟಿ" ಅಂತ ಹಣ ಕೀಳುವವರಿದ್ದಾರೆ. ಜಾಗ ನೋಡದೆ ಮಂಜೂರು ಮಾಡಿದರು ಅಂದರೆ ಅದು ಮೋಸವೇ.

ಇನ್ನು ನಡೆಸುವ ಮಾತು. ಈ ಅಂಗಡಿಗಳ ಜೀವ ಇರೋದು ತಣ್ಣಗಿನ ಸಾಗಣೆಯಲ್ಲಿ. ಬರ್ಗರ್ ಒಳಗಿಡುವ ಪ್ಯಾಟಿ, ಫ್ರೈಸ್, ಚಿಕನ್ ತುಂಡು ಎಲ್ಲ ದೂರದ ಕಾರ್ಖಾನೆಯಲ್ಲೇ ಮುಕ್ಕಾಲು ತಯಾರಾಗಿ, ಮೈನಸ್ 18 ಡಿಗ್ರಿಯಲ್ಲಿ ಲಾರಿ ಹತ್ತಿ ಬರುತ್ತವೆ. ಸೊಪ್ಪು, ಚೀಸ್ 5 ಡಿಗ್ರಿಯ ಒಳಗೆ ಬರಬೇಕು. ಅಂಗಡಿಯಲ್ಲಿ ಆಗೋದು ಕರಿಯುವುದು, ಬಿಸಿ ಮಾಡುವುದು, ಜೋಡಿಸುವುದು.

ಫ್ರೈಸ್ ಒಂದನ್ನೇ ತಗೊಳ್ಳಿ. ಹಾಸನದಲ್ಲಿ ಹೆಚ್ಚಾಗಿ ಬೆಳೆಯುತ್ತ ಬಂದ ಕುಫ್ರಿ ಜ್ಯೋತಿ ಆಲೂಗಡ್ಡೆ ಪಲ್ಯ, ಸಾಗುವಿಗೆ ಚೆನ್ನ, ಆದರೆ ಫ್ರೈಸ್‌ಗೆ ಅದರಲ್ಲಿ ನೀರು ಜಾಸ್ತಿಯಾಯಿತು. ಫ್ರೈಸ್‌ಗೆ ಒಣ ಅಂಶ ಶೇ. 20ರ ಆಸುಪಾಸು ಅಥವಾ ಮೇಲಿರುವ ಉದ್ದನೆಯ ಗಡ್ಡೆ ಬೇಕು. ಆ ಕಾರಣಕ್ಕೇ ಮೆಕೇನ್ ಕಂಪನಿ ಗುಜರಾತಿನ ಮೆಹ್ಸಾನಾದಲ್ಲಿ ಕಾರ್ಖಾನೆ ಹಾಕಿ, ಶೆಪಡಿಯಂಥ ತಳಿಯನ್ನು ಅಲ್ಲಿನ ರೈತರಿಂದಲೇ ಬೆಳೆಸಿತು. ಗಡ್ಡೆಯನ್ನು 2–4 ಡಿಗ್ರಿಯಲ್ಲಿ ಬಹಳ ದಿನ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಎಣ್ಣೆಗೆ ಹಾಕಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದು ಹಿಡಿದು ಕಹಿಯಾಗುತ್ತದೆ. ಕಾರ್ಖಾನೆಯಲ್ಲಿ ಹೆಚ್ಚಿ, ಬಿಸಿನೀರಿನಲ್ಲಿ ಹಾಯಿಸಿ ಆ ಸಕ್ಕರೆ ತೆಗೆದು, ಒಣಗಿಸಿ, ಅರೆಬರೆ ಕರಿದು ಹೆಪ್ಪುಗಟ್ಟಿಸುತ್ತಾರೆ. ಅಂಗಡಿಯಲ್ಲಿ ಕರಗಲು ಬಿಡದೆ, ಗಟ್ಟಿ ಇದ್ದಂತೆಯೇ ಸುಮಾರು 168 ಡಿಗ್ರಿ ಎಣ್ಣೆಯಲ್ಲಿ 3 ನಿಮಿಷ ಕರಿಯೋದು. ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಫ್ರೈಸ್ ಮೆತ್ತಗಾಗಿ, ಎಣ್ಣೆ ಕುಡಿದು, ಮುರಿಯುತ್ತದೆ. ಆಮೇಲೆ ಅದನ್ನು ಸರಿಮಾಡಲಿಕ್ಕೆ ಆಗೋದೇ ಇಲ್ಲ.

ಈಗ ನಮ್ಮ ಜಿಲ್ಲೆಯ ಮಳೆಗಾಲ ನೆನಪು ಮಾಡಿಕೊಳ್ಳಿ. ಹುಬ್ಬಳ್ಳಿಯಿಂದ ಸಾಮಾನು ಬರೋದು ಅರಬೈಲ್ ಘಟ್ಟ ಇಳಿದು, ಶಿರಸಿಯಿಂದಾದರೆ ದೇವಿಮನೆ ಘಟ್ಟ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ದಿನಗಟ್ಟಲೆ ಬಂದಾಗಿತ್ತು. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೆ ಸೇತುವೆಯೂ ಬಿತ್ತು. ಮೇಲಿಂದ ಕರೆಂಟು ಹೋಗುತ್ತದೆ. ತುಂಬಿದ ಡೀಪ್ ಫ್ರೀಜರ್ ಬಾಗಿಲು ತೆರೆಯದೆ ಇದ್ದರೆ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ, ಫ್ರಿಜ್ ನಾಲ್ಕು ತಾಸು ತಡೆಯುತ್ತದೆ ಅಂತ ಲೆಕ್ಕ. ನಡೆಯುವ ಹೋಟೆಲ್ಲಿನಲ್ಲಿ ಬಾಗಿಲು ತೆರೆಯದೆ ಇರೋದು ಸಾಧ್ಯವಿಲ್ಲ, ಹಾಗಾಗಿ ಜನರೇಟರ್ ಕಡ್ಡಾಯ.

ಪೂರೈಕೆ ದೂರವಾದರೆ ಎಂಥ ದೊಡ್ಡ ಚೈನೂ ನಿಲ್ಲೋದಿಲ್ಲ ಅನ್ನೋದಕ್ಕೆ ಐಸ್‌ಲ್ಯಾಂಡ್ ಇದೆ. ಅಲ್ಲಿನ ಮೆಕ್‌ಡೊನಾಲ್ಡ್ಸ್‌ಗೆ ಮಾಂಸ, ಚೀಸ್, ಈರುಳ್ಳಿ ಸಮೇತ ಜರ್ಮನಿಯಿಂದ ಬರಬೇಕಿತ್ತು. ಅಲ್ಲಿನ ಬ್ಯಾಂಕುಗಳು ಮುಳುಗಿ ಕ್ರೋನಾ ಬೆಲೆ ಕುಸಿದ ಮೇಲೆ ಸಾಮಾನಿನ ವೆಚ್ಚ ತಾಳಲಾರದೆ 2009ರ ಅಕ್ಟೋಬರಿನಲ್ಲಿ ಪೂರ್ತಿ ಮುಚ್ಚಿಕೊಂಡು ಹೋಯಿತು. ಗಿರಾಕಿಗಳು ಇದ್ದರು, ಲೆಕ್ಕ ಕೂಡಲಿಲ್ಲ.

ಕಾಳೀತೀರ (ಕಾರವಾರ):

ಗೋದಾಮು ಹೇಳಿದ್ದಕ್ಕೆ ಎದುರು ಮಾತಿಲ್ಲ. ಆದರೆ ಜನ ಅಲ್ಲಿಗೆ ಹೋಗೋದು ಬರೀ ಜಾಹೀರಾತಿಗೆ ಮರುಳಾಗಿ ಅಲ್ಲ. ಅವರ ಆಕರ್ಷಣೆ ರುಚಿಗಿಂತ ಹೆಚ್ಚಾಗಿ ಗ್ಯಾರಂಟಿಯಲ್ಲಿದೆ. ಮಕ್ಕಳ ಜೊತೆ ಐದಾರು ತಾಸು ಕಾರಿನಲ್ಲಿ ಬಂದವರಿಗೆ ಬೇಕಾಗಿರೋದು ಶುಚಿಯಾದ ಶೌಚಾಲಯ, ಗೋಡೆಯ ಮೇಲೆ ಕಾಣುವ ದರ, ಹತ್ತು ನಿಮಿಷದೊಳಗೆ ಕೈಗೆ ಬರುವ ತಿಂಡಿ, ಖಾರ ಇಲ್ಲದ ಒಂದು ಪದಾರ್ಥ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ, ಆಚೆ ಕೈಗಾ ಅಣುಸ್ಥಾವರ. ದೇಶದ ಎಲ್ಲ ಮೂಲೆಯವರೂ ಇಲ್ಲಿದ್ದಾರೆ. ಪಂಜಾಬಿನವರಿಗೂ ಅಸ್ಸಾಮಿನವರಿಗೂ ಗುರುತಿರುವ ರುಚಿ ಅಂದರೆ ಈ ಬರ್ಗರ್, ಪಿಜ್ಜಾ. ಕೂತು ಒಂದು ತಾಸು ಕಳೆದರೂ ಎದ್ದೇಳಿ ಅನ್ನುವವರಿಲ್ಲ, ಹೆಣ್ಣುಮಕ್ಕಳು ಒಬ್ಬರೇ ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಊರಿನ ಎಷ್ಟು ಹೋಟೆಲ್ಲುಗಳಲ್ಲಿ ಈ ಅನುಕೂಲ ಇದೆ ಅಂತ ನಾವೇ ಕೇಳಿಕೊಳ್ಳಬೇಕು.

ಈ ಶಿಸ್ತು ಹೇಗೆ ಬಂತು ಅನ್ನೋದನ್ನು ಹುಡುಗರಿಗೆ ಓದಿಸಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಹೋಟೆಲ್ಲನ್ನೇ ಮುಚ್ಚಿ, ಮೆನುವನ್ನು 9 ಪದಾರ್ಥಕ್ಕೆ ಇಳಿಸಿ, ಮತ್ತೆ ತೆರೆದರು. ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ಅಡುಗೆಮನೆಯ ನಕ್ಷೆ ಬರೆದು, ಕೆಲಸದವರನ್ನು ಅದರ ಮೇಲೆ ಓಡಾಡಿಸಿ, ಒಬ್ಬರಿಗೊಬ್ಬರು ಅಡ್ಡ ಬರುವಲ್ಲಿ ಅಳಿಸಿ ಬದಲಾಯಿಸಿದರು. ಇದಕ್ಕೆ ಹಣ ಬೇಡ. ನಿಮ್ಮ 8 ಗುಂಟೆಯಲ್ಲಿ ಗೋಡೆ ಏಳುವ ಮೊದಲು ನೆಲದ ಮೇಲೆ ಒಲೆ, ಕರಿಯುವ ಬಾಣಲೆ, ಪಾತ್ರೆ ತೊಳೆಯುವ ಜಾಗ, ಕೌಂಟರ್ ಗುರುತು ಮಾಡಿ, ನಾಲ್ಕು ಜನ ಖಾಲಿ ತಟ್ಟೆ ಹಿಡಿದು ಅರ್ಧ ತಾಸು ಓಡಾಡಿ. ಎಂಜಲು ತಟ್ಟೆ ಬರುವ ದಾರಿಯೂ ಊಟ ಹೋಗುವ ದಾರಿಯೂ ಒಂದೇ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಸೋಲೋದು ಎಲ್ಲಿ ಅಂತ ಕೇಳಿದ್ದೀರಿ. ಊರಿನವರು ಅದೇ ಪದಾರ್ಥವನ್ನು ಮೊದಲೇ ಚೆನ್ನಾಗಿ ಮಾಡುತ್ತಿರುವ ಕಡೆ. ಡಾಮಿನೋಸ್ 2015ರಲ್ಲಿ ಪಿಜ್ಜಾದ ತವರು ಇಟಲಿಗೆ ಹೋಗಿ 2022ರಲ್ಲಿ ಬಾಗಿಲು ಹಾಕಿತು. ಆಸ್ಟ್ರೇಲಿಯಾದಲ್ಲಿ ಗ್ರೀಕ್, ಇಟಾಲಿಯನ್ ವಲಸಿಗರು ಕಟ್ಟಿದ ಕಾಫಿ ಅಂಗಡಿಗಳು ಬೀದಿಬೀದಿಗೂ ಇದ್ದವು. ಸ್ಟಾರ್‌ಬಕ್ಸ್ 2008ರಲ್ಲಿ 84ರಲ್ಲಿ 61 ಅಂಗಡಿ ಮುಚ್ಚಬೇಕಾಯಿತು. ಫಿಲಿಪ್ಪೀನ್ಸಿನಲ್ಲಿ ಅಲ್ಲಿಯದೇ ಜಾಲಿಬೀ ಸಿಹಿ ಸ್ಪಗೆಟಿ, ಅನ್ನದ ಜೊತೆ ಚಿಕನ್ ಕೊಟ್ಟು ಮೆಕ್‌ಡೊನಾಲ್ಡ್ಸ್ ಅನ್ನೇ ಹಿಂದೆ ಹಾಕಿತು. ಭಾರತದಲ್ಲಿ ಅವರು ನಿಂತದ್ದು ಬಗ್ಗಿದ್ದಕ್ಕೆ: 1996ರಲ್ಲಿ ದಿಲ್ಲಿಯಲ್ಲಿ ಶುರುವಾದ ಮೆಕ್‌ಡೊನಾಲ್ಡ್ಸ್ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟು, ಆಲೂ ಟಿಕ್ಕಿ ಹಿಡಿದು, ಸಸ್ಯಾಹಾರದ ಅಡುಗೆ ಬೇರೆ ಮಾಡಿ ಉಳಿಯಿತು.

ನಮ್ಮ ಕಡೆ ಮೀನಿನಲ್ಲಿ ಅವರು ನಮ್ಮನ್ನು ಮುಟ್ಟಲಾರರು. ಬಂಗಡೆ ಇವತ್ತು ಇದೆ ನಾಳೆ ಇಲ್ಲ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ವರ್ಷವಿಡೀ ಒಂದೇ ಮೆನು ಇಡಬೇಕಾದ ಚೈನ್‌ಗೆ ಇದು ಆಗದ ಕೆಲಸ. ನಿಮಗೆ ಅದೇ ಅನುಕೂಲ: ದಿನದ ಮೀನು ಯಾವುದು, ತಾಟಿಗೆ ದರ ಎಷ್ಟು ಅಂತ ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯಿರಿ. ದರ ಬರೆಯದೆ ಇರೋದೇ ಹೊರಗಿನವರು ಮೀನೂಟದ ಹೋಟೆಲ್ಲಿಗೆ ಹೆದರಲಿಕ್ಕೆ ದೊಡ್ಡ ಕಾರಣ.

ಘಟ್ಟದಮೇಲೆ (ಶಿರಸಿ):

ಅಕ್ಕನ ಮಗಳ ವಿಷಯ. ಹೊರಡುವ ಮೊದಲು ಅವಳಿಗೆ ಇದನ್ನು ಓದಿಸಿ.

ಅಮೆರಿಕದ ಮೆಕ್‌ಡೊನಾಲ್ಡ್ಸ್ ಫ್ರೈಸ್ ಸಸ್ಯಾಹಾರ ಅಲ್ಲ. 1990ರ ತನಕ ದನದ ಕೊಬ್ಬಿನಲ್ಲಿ ಕರಿಯುತ್ತಿದ್ದರು. ಆಮೇಲೆ ಸಸ್ಯದ ಎಣ್ಣೆಗೆ ಬದಲಾದರೂ, ಹಳೆ ರುಚಿ ಉಳಿಯಲಿ ಅಂತ ಕಾರ್ಖಾನೆಯಲ್ಲೇ ದನದ ಮಾಂಸದ ಸುವಾಸನೆ ಸೇರಿಸುತ್ತಾರೆ. ಇದನ್ನು ಮುಚ್ಚಿಟ್ಟರು ಅಂತ 2001ರಲ್ಲಿ ಅಲ್ಲಿನ ಹಿಂದೂಗಳು, ಸಸ್ಯಾಹಾರಿಗಳು ಮೊಕದ್ದಮೆ ಹೂಡಿ, ಕಂಪನಿ 2002ರಲ್ಲಿ 1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಸುವಾಸನೆ ಮಾತ್ರ ಈಗಲೂ ಇದೆ, ಪದಾರ್ಥಗಳ ಪಟ್ಟಿಯಲ್ಲಿ ಬರೆದಿರುತ್ತಾರೆ. ಬೆಳಿಗ್ಗೆ ಸಿಗುವ ಹ್ಯಾಶ್ ಬ್ರೌನ್‌ನಲ್ಲೂ ಇದೆ. ಭಾರತದಲ್ಲಿ ಇಲ್ಲ, ಬ್ರಿಟನ್ನಿನಲ್ಲೂ ಇಲ್ಲ. ಹಾಗಾಗಿ "ಅದೇ ಕಂಪನಿ ಅಲ್ವಾ, ಇಲ್ಲಿ ತಿಂದಿದ್ದೇನಲ್ಲ" ಅನ್ನುವ ಲೆಕ್ಕ ನಡೆಯೋದಿಲ್ಲ. ದೇಶ ಬದಲಾದ ಹಾಗೆ ಪಟ್ಟಿ ಬದಲಾಗುತ್ತದೆ.

ನಮ್ಮ ಹಸಿರು ಚುಕ್ಕೆ ಅಲ್ಲಿ ಇರೋದಿಲ್ಲ. ಆಯಾ ದೇಶದ ಕಂಪನಿ ಜಾಲತಾಣದಲ್ಲಿ ಪದಾರ್ಥ ಮತ್ತು ಅಲರ್ಜಿ ಪಟ್ಟಿ ಇರುತ್ತದೆ, ಅದನ್ನು ಒಮ್ಮೆ ಕೂತು ಓದಬೇಕು. ಮಯೋನೀಸ್ ಅಂದರೆ ಅಲ್ಲಿ ಮೊಟ್ಟೆ ಇದ್ದದ್ದೇ. ಪಿಜ್ಜಾ ಮೇಲೆ ಉದುರಿಸುವ ಪಾರ್ಮಿಜಾನ್‌ನಂಥ ಚೀಸ್ ಗಟ್ಟಿಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸಿರಬಹುದು. ಮೊಜರೆಲ್ಲಾದಲ್ಲಿ ಎರಡೂ ಥರ ಇದೆ, ಕೇಳಬೇಕು. ಮಾರ್ಷ್‌ಮೆಲ್ಲೋದಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್.

ಎರಡನೆಯದು ಒಲೆ. ಬರ್ಗರ್ ಕಿಂಗ್‌ನ ಇಂಪಾಸಿಬಲ್ ವೊಪ್ಪರ್ ಅನ್ನುವ ಬರ್ಗರಿನ ಪ್ಯಾಟಿ ಸಸ್ಯದ್ದೇ, ಆದರೆ ಮಾಂಸ ಸುಡುವ ಅದೇ ಬ್ರಾಯ್ಲರ್ ಮೇಲೆ ಹಾಯುತ್ತದೆ. ಬೇರೆ ಬಿಸಿಮಾಡಿ ಕೊಡಿ ಅಂತ ಆರ್ಡರ್ ಮಾಡುವಾಗಲೇ ಕೇಳಬಹುದು, ಮಯೋನೀಸ್ ಬೇಡ ಅಂತಲೂ ಹೇಳಬೇಕು. ಮೆಕ್ಸಿಕನ್ ತಿಂಡಿಯ ಚೈನ್ ಟ್ಯಾಕೋ ಬೆಲ್ ಈ ಮಟ್ಟಿಗೆ ಒಳ್ಳೆಯದು: ಅಮೆರಿಕದಲ್ಲಿ ಅವರ ಬೀನ್ಸ್‌ಗೆ ಸಸ್ಯಾಹಾರದ ದೃಢೀಕರಣ ಇದೆ, ಯಾವುದೇ ಪದಾರ್ಥದಲ್ಲಿ ಮಾಂಸದ ಬದಲು ಬೀನ್ಸ್ ಹಾಕಿಸಿಕೊಳ್ಳಬಹುದು. ಸಬ್‌ವೇಯಲ್ಲಿ ಕೈಗವಸು, ಚಾಕು ಬದಲಾಯಿಸಿ ಅಂತ ಕೇಳಿದರೆ ಸಾಮಾನ್ಯವಾಗಿ ಬದಲಾಯಿಸುತ್ತಾರೆ. ಇಷ್ಟೆಲ್ಲ ದಿನಾ ಕೇಳಿ ತಿನ್ನೋದು ಓದುವ ಹುಡುಗಿಗೆ ಸುಸ್ತಿನ ಕೆಲಸ. ಒಂದು ಸಣ್ಣ ರೈಸ್ ಕುಕ್ಕರ್, ಮನೆಯ ಸಾರಿನ ಪುಡಿ, ಚಟ್ನಿಪುಡಿ ಇದ್ದರೆ ಚೈನ್ ಅಂಗಡಿ ಪ್ರಯಾಣದ ದಿನಕ್ಕೆ ಮಾತ್ರ ಸಾಕು. ಕುಕ್ಕರ್ ಮಾತ್ರ ಅಲ್ಲಿಯೇ ಕೊಳ್ಳಲಿ, ಅಲ್ಲಿನ ವಿದ್ಯುತ್ 120 ವೋಲ್ಟ್, ಇಲ್ಲಿನದು ಸರಿಯಾಗಿ ಬಿಸಿ ಆಗೋದಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಇಡಲು ಬಿಡುತ್ತಾರೋ ಅಂತಲೂ ಮೊದಲೇ ಕೇಳಬೇಕು.

ಅಲ್-ಬಹರ್ (ಭಟ್ಕಳ):

ಮೇಲಿನದಕ್ಕೆ ಒಂದು ಸೇರಿಕೆ. ಗಲ್ಫ್ ದೇಶಗಳಲ್ಲಿ ಈ ಚೈನುಗಳೆಲ್ಲ ಹಲಾಲ್. ಸಿಂಗಾಪುರದ ಮೆಕ್‌ಡೊನಾಲ್ಡ್ಸ್‌ಗೂ 1992ರಿಂದ ಹಲಾಲ್ ಪ್ರಮಾಣಪತ್ರ ಇದೆ. ಅಮೆರಿಕ, ಯುರೋಪಿನಲ್ಲಿ ಹಾಗಲ್ಲ. ಬ್ರಿಟನ್ನಿನಲ್ಲಿ ಕೆಎಫ್‌ಸಿಯ ಕೆಲವು ಅಂಗಡಿ ಹಲಾಲ್, ಕೆಲವು ಅಲ್ಲ, ಅಂಗಡಿವಾರು ನೋಡಬೇಕು. ಹಲಾಲ್ ಫಲಕ ಕಂಡು ಸಸ್ಯಾಹಾರಿಗಳು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಹಲಾಲ್ ಇದ್ದರೂ ಮಾಂಸ, ತರಕಾರಿ ಎಲ್ಲ ಒಂದೇ ಎಣ್ಣೆಯಲ್ಲಿ ಕರಿಯುತ್ತಿರಬಹುದು.

ಬಾಣಲೆ (ಹೊನ್ನಾವರ):

ಚೈನುಗಳಿಂದ ಕದಿಯಬೇಕಾದ್ದು ಎಣ್ಣೆಯ ಲೆಕ್ಕ. ಬಿಡಬೇಕಾದ್ದು ಉಪ್ಪು, ಸಕ್ಕರೆಯ ಅಳತೆ.

ಎಣ್ಣೆ ಕೆಟ್ಟಿದ್ದನ್ನು ಅಳೆಯೋದು ಟೋಟಲ್ ಪೋಲಾರ್ ಕಾಂಪೌಂಡ್ ಅನ್ನುವ ಅಂಶದಿಂದ. 2018ರ ಜುಲೈ 1ರಿಂದ ನಮ್ಮ ದೇಶದಲ್ಲಿ ಅದು ಶೇ. 25 ದಾಟಿದ ಎಣ್ಣೆಯನ್ನು ಬಳಸುವ ಹಾಗಿಲ್ಲ. ಅಳೆಯುವ ಮೀಟರೂ ಸಿಗುತ್ತದೆ, ಅಗ್ಗದ ಪಟ್ಟಿಯೂ ಸಿಗುತ್ತದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ದಾಖಲೆಯನ್ನೂ ಇಡಬೇಕು. ಮೀಟರ್ ಇಲ್ಲದಿದ್ದರೂ ಕಣ್ಣಿಗೆ ಕಾಣುತ್ತದೆ: ಪದಾರ್ಥ ತೆಗೆದ ಮೇಲೂ ನೊರೆ ಇಳಿಯದಿದ್ದರೆ, ಮೊದಲಿನ ಉರಿಯಲ್ಲೇ ಹೊಗೆ ಬಂದರೆ, ಸೌಟಿನಿಂದ ಅಂಟಂಟಾಗಿ ಇಳಿದರೆ ಮುಗಿಯಿತು. ಹೊಸ ಎಣ್ಣೆ ಬೆರೆಸಿ ಅದನ್ನು ಉಳಿಸಲಿಕ್ಕೆ ಹೋಗಬೇಡಿ, ಹೊಸದೂ ಬೇಗ ಹಾಳಾಗುತ್ತದೆ.

ಹಾಳುಮಾಡುವುದು ಐದು: ನೀರು, ಉಪ್ಪು, ಉದುರಿದ ರವೆ-ಹಿಟ್ಟು, ಗಿರಾಕಿ ಇಲ್ಲದಾಗಲೂ ಉರಿಯುವ ಒಲೆ, ಕಬ್ಬಿಣದ ಬಾಣಲೆ. ಸ್ಟೀಲ್ ಫ್ರೈಯರ್ ತಗೊಳ್ಳಿ, ಥರ್ಮೋಸ್ಟಾಟ್ ಇರುವುದು. ಕರಿಯುವಾಗ 170–180 ಡಿಗ್ರಿ, ಖಾಲಿ ಇದ್ದಾಗ 120ಕ್ಕೆ ಇಳಿಸಿ. ಒಂದು ಸಲಕ್ಕೆ 1 ಕೆಜಿ ಪದಾರ್ಥ ಹಾಕೋದಾದರೆ ಕನಿಷ್ಠ 6 ಲೀಟರ್ ಎಣ್ಣೆ ಇರಲಿ. ಕಡಿಮೆ ಇದ್ದರೆ ಶಾಖ ದಿಢೀರನೆ ಇಳಿದು ತಿಂಡಿ ಎಣ್ಣೆ ಕುಡಿಯುತ್ತದೆ. ತಾಸಿಗೊಮ್ಮೆ ಜಾಲರಿಯಿಂದ ಚೂರು ತೆಗೆಯಿರಿ. ರಾತ್ರಿ 60 ಡಿಗ್ರಿಗೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಮುಚ್ಚಿಡಿ. ಮೀನಿನ ರವಾ ಫ್ರೈ ಮಾಡುವ ಎಣ್ಣೆ ಬೇರೆ, ಬನ್ಸ್ ಎಣ್ಣೆ ಬೇರೆ. ಬರೀ ವಾಸನೆಗಾಗಿ ಹೇಳೋದಲ್ಲ: ರವೆ ಸುಟ್ಟು ತಳ ಸೇರಿ ಎಣ್ಣೆ ಬಹಳ ಬೇಗ ಕಪ್ಪಾಗುತ್ತದೆ. ಕೆಟ್ಟ ಎಣ್ಣೆಯನ್ನು ಗಟಾರಕ್ಕೆ ಸುರಿಯಬೇಡಿ, ಜೈವಿಕ ಡೀಸೆಲ್‌ಗೆ ಕೊಳ್ಳುವವರಿದ್ದಾರೆ.

ಇನ್ನು ಆರೋಗ್ಯ. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರ್ಗರ್‌ನಲ್ಲಿ ಉಪ್ಪು ಒಂದೇ ಕಡೆ ಇರೋದಿಲ್ಲ, ಬನ್ನು, ಪ್ಯಾಟಿ, ಚೀಸ್, ಸಾಸ್ ಎಲ್ಲದರಲ್ಲೂ ಇದೆ. ಸಾಸಿನ ಸಿಹಿ ಅದನ್ನು ನಾಲಿಗೆಗೆ ಮುಚ್ಚುತ್ತದೆ. ಕೋಲಾದಲ್ಲಿ 100 ಮಿಲಿಗೆ 10.6 ಗ್ರಾಂ ಸಕ್ಕರೆ, ಅರ್ಧ ಲೀಟರ್ ಕುಡಿದರೆ 53 ಗ್ರಾಂ. ದೊಡ್ಡವರ ಇಡೀ ದಿನದ ಮಿತಿಯೇ ಸುಮಾರು 50. ಕಾಂಬೋ ಅಂತ ಕೊಡುವಾಗ ಅಂಗಡಿಗೆ ಲಾಭ ಹೆಚ್ಚು ಉಳಿಯೋದು ಈ ಕೋಲಾ, ಫ್ರೈಸ್‌ನಲ್ಲೇ. ಮಕ್ಕಳು ರೂಢಿ ಮಾಡಿಕೊಳ್ಳೋದೂ ಅವನ್ನೇ, ನನಗೆ ಬೇಸರ ಇರೋದು ಅದರ ಬಗ್ಗೆ. ಒಂದು ಒಳ್ಳೆಯದೂ ಇದೆ: 10 ಅಥವಾ ಹೆಚ್ಚು ಕಡೆ ಅಂಗಡಿ ಇರುವವರು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅಂತ ನಿಯಮ ಬಂದಿದೆ. ಓದುವ ರೂಢಿ ನಮಗೆ ಬರಬೇಕು.

ಹಳಬರಿಗೆ ನೆನಪಿರಬಹುದು, 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆದಾಗ ಪಾಲಿಕೆ ತಕರಾರು ತೆಗೆದದ್ದು ಅಜಿನೊಮೊಟೊ ಪ್ರಮಾಣದ ಮೇಲೆ. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಅಂಗಡಿಗೆ ನುಗ್ಗಿದರು. ಅಜಿನೊಮೊಟೊಗಿಂತ ದೊಡ್ಡ ಪ್ರಶ್ನೆ, ಹೊಲದಲ್ಲಿ ಏನು ಬೆಳೆಯಬೇಕು ಅನ್ನೋದನ್ನು ಕಂಪನಿ ತೀರ್ಮಾನಿಸಬೇಕಾ ಅನ್ನೋದು, ಆಗಲೇ ಅವರ ಮಾತಿನಲ್ಲಿತ್ತು.

ಕಡಲಬದಿ (ಕುಮಟಾ):

ಎಲ್ಲರಿಗೂ ಧನ್ಯವಾದ. ಶಿರಸಿಯವರ ಬರಹ ಅಕ್ಕನಿಗೆ ಕಳಿಸಿದೆ. ಫ್ರಾಂಚೈಸಿ ಆಸೆ ಹುಡುಗರು ಬಿಟ್ಟರು. ಬಾಣಲೆಯವರೆ, ಬನ್ಸ್ ದಿನಾ ಒಂದೇ ಥರ ಬರಬೇಕು ಅಂದರೆ ಚೈನ್‌ನವರ ಹಾಗೆ ಅಳತೆ ಬರೆದಿಡಲಿಕ್ಕೆ ಆಗುತ್ತದಾ? ಹಣ್ಣಿನ ಮೇಲೆ ದಿನಕ್ಕೊಂದು ಥರ ಆಗ್ತದಲ್ಲ ಮಾರಾಯ್ರೆ.

ಬಾಣಲೆ (ಹೊನ್ನಾವರ):

ಆಗುತ್ತದೆ. ಹಣ್ಣನ್ನು ಎಣಿಸಬೇಡಿ, ಸಿಪ್ಪೆ ತೆಗೆದು ತೂಗಿ.

ಮೈದಾ 1 ಕೆಜಿ, ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣಿನ ತಿರುಳು 500 ಗ್ರಾಂ, ಸಕ್ಕರೆ 150, ಹುಳಿ ಮೊಸರು 100, ಜೀರಿಗೆ 10, ಉಪ್ಪು 10, ಅಡುಗೆ ಸೋಡಾ 5 ಗ್ರಾಂ, ಎಣ್ಣೆ 20 ಮಿಲಿ. ನೀರು ಬೇಡ. ಸಕ್ಕರೆ, ಹಣ್ಣು, ಮೊಸರು ಮೊದಲು ಕಿವುಚಿ, ಸಕ್ಕರೆ ಕರಗಿದ ಮೇಲೆ ಹಿಟ್ಟು ಹಾಕಿ. ಅಂಟಿದರೆ 50 ಗ್ರಾಂ ತನಕ ಮೈದಾ ಸೇರಿಸಬಹುದು, ಅದಕ್ಕಿಂತ ಹೆಚ್ಚಾದರೆ ಗಟ್ಟಿ. ಮುಚ್ಚಿ 6–8 ತಾಸು ಇಡಿ. ಏಪ್ರಿಲ್, ಮೇ ಸೆಕೆಗೆ 4–5 ತಾಸು ಸಾಕು, ಹೆಚ್ಚಾದರೆ ಹುಳಿ ವಾಸನೆ ಬರುತ್ತದೆ.

55 ಗ್ರಾಂ ಉಂಡೆ ತೂಗಿ ಇಡಿ, 32 ಬನ್ಸ್ ಬರುತ್ತದೆ. ಮುಕ್ಕಾಲು ಸೆಂಟಿಮೀಟರ್ ದಪ್ಪ ಲಟ್ಟಿಸಿ. ಎಣ್ಣೆ 170 ಡಿಗ್ರಿ, ಹೆಚ್ಚು ಬೇಡ, ಹಣ್ಣಿನ ಸಕ್ಕರೆ ಬೇಗ ಕಪ್ಪಾಗುತ್ತದೆ. ಉಬ್ಬುವ ತನಕ ಸೌಟಿನಿಂದ ಮೆಲ್ಲಗೆ ಒತ್ತಿ, ತಿರುಗಿಸಿ. ಒಳಗೆ ಹಸಿ ಉಳಿದರೆ ಎಣ್ಣೆ ಜಾಸ್ತಿ ಕಾದಿದೆ. ಉಬ್ಬದಿದ್ದರೆ ತೆಳ್ಳಗಾಗಿದೆ ಅಥವಾ ಲಟ್ಟಿಸುವಾಗ ಒಣ ಹಿಟ್ಟು ಹೆಚ್ಚಾಗಿದೆ. ಸಾಬೂನಿನ ರುಚಿ ಬಂದು ಕೆಂಪುಗಟ್ಟಿದರೆ ಸೋಡಾ ಹೆಚ್ಚು.

ಚೈನ್‌ನವರು ಫ್ರೈಸ್ ಅನ್ನು 7 ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಅಂತ ನಿಯಮ ಮಾಡಿಕೊಂಡಿದ್ದಾರೆ. ಬನ್ಸ್‌ಗೆ ಅರ್ಧ ತಾಸು ಇಡಿ: ಪ್ರತಿ ತಟ್ಟೆಯ ಪಕ್ಕ ಕರಿದ ಸಮಯ ಬರೆದ ಚೀಟಿ, ದಾಟಿದ್ದು ಕೌಂಟರಿಗೆ ಹೋಗಬಾರದು. ಕಾಯಿಚಟ್ನಿ ಒಮ್ಮೆಗೇ ರುಬ್ಬಬೇಡಿ, ಬೆಳಿಗ್ಗೆ ಆರಕ್ಕೊಂದು, ಒಂಬತ್ತಕ್ಕೊಂದು, ಉಳಿದದ್ದನ್ನು ಹೊಸದಕ್ಕೆ ಬೆರೆಸದೆ.